ಕಾಕಾ ಸೀರಿಯಸ್ ಆದ ದಿನ

ನಾನು ನವಲಗುಂದದಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಪ್ರತಿ ವರ್ಷ ಒಂಬತ್ತನೆಯ ತರಗತಿಯಲ್ಲಿ ಗುಣವಾಚಕಗಳ ಪಾಠ ಮುಗಿದ ಮೇಲೆ ಹತ್ತು ಪದ ಕೊಟ್ಟು, ಒಂದೊಂದನ್ನೂ ಬಳಸಿ ವಾಕ್ಯ ಬರೆಯಿರಿ ಎನ್ನುತ್ತೇನೆ. ಬೇರೆ ಪದಗಳಿಗೆ ಮಕ್ಕಳು ಗೈಡಿನಲ್ಲಿದ್ದ ವಾಕ್ಯವನ್ನೇ ಇಳಿಸುತ್ತಾರೆ. ‘ಸೀರಿಯಸ್’ ಪದಕ್ಕೆ ಮಾತ್ರ ಗೈಡ್ ಬೇಕಾಗುವುದಿಲ್ಲ. ನನ್ನ ಅಜ್ಜ ಸೀರಿಯಸ್ ಇದ್ದಾರೆ, ನಮ್ಮ ಆಯಿ ಸೀರಿಯಸ್ ಇದ್ದಾಳೆ ಎಂದು ಸ್ವಂತ ಬುದ್ಧಿಯಿಂದ ಬರೆಯುತ್ತಾರೆ. ಒಬ್ಬ ಹುಡುಗಿ ‘ನಮ್ಮ ಎಮ್ಮೆ ಸೀರಿಯಸ್’ ಎಂದು ಬರೆದು, ಮರುದಿನದಿಂದ ಎರಡು ದಿನ ಶಾಲೆಗೆ ಬರಲಿಲ್ಲ. ಆಗಲೇ ಗೊತ್ತಾಯಿತು, ಆಕೆ ಪಾಠಕ್ಕಾಗಿ ಬರೆದ ವಾಕ್ಯವಾಗಿರಲಿಲ್ಲ ಅದು.

ನಿಘಂಟಿನಲ್ಲಿ ಈ ಪದಕ್ಕೆ ಮೊದಲು ಸಿಗುವುದು ತಮಾಷೆಯಲ್ಲದ್ದು, ವಿಚಾರವಂತ, ಮಹತ್ವದ್ದು ಎಂಬ ಅರ್ಥಗಳು. ಅಪಾಯಕಾರಿ ಎಂಬುದು ಕೆಳಗೆ ಎಲ್ಲೋ ಇರುತ್ತದೆ. ನಮ್ಮ ಕಡೆ ಅದೇ ಮೊದಲನೆಯದು, ಹೆಚ್ಚು ಕಡಿಮೆ ಅದೊಂದೇ. ಮುಂಜಾನೆ ಒಬ್ಬರು ಸೀರಿಯಸ್ ಅಂತೆ ಎಂದು ಸುದ್ದಿ ಬಂದರೆ ಮಧ್ಯಾಹ್ನದ ಹೊತ್ತಿಗೆ ಜನ ಮಣ್ಣು ಮಾಡುವುದು ಯಾವಾಗ ಎಂದು ಕೇಳತೊಡಗುತ್ತಾರೆ. ಕನ್ನಡದಲ್ಲಿ ಅರ್ಥ ಬರೆಸುವಾಗ ನಾನು ‘ಗಂಭೀರ’ ಎಂದು ಬರೆಸುತ್ತೇನೆ. ಅದರಿಂದಲೂ ಪರಿಸ್ಥಿತಿ ಸುಧಾರಿಸುವುದಿಲ್ಲ, ಪತ್ರಿಕೆಯಲ್ಲಿ ಸ್ಥಿತಿ ಗಂಭೀರ ಎಂದು ಓದಿದವರಿಗೆ ಆ ಪದವೂ ಆಸ್ಪತ್ರೆಯದೇ.

ನಮ್ಮ ಮನೆತನದಲ್ಲಿ ಒಬ್ಬರಿಗೆ ಮಾತ್ರ ಈ ಪದವನ್ನು ನಿಘಂಟಿನ ಮೊದಲ ಅರ್ಥದಲ್ಲಿ ಬಳಸುತ್ತಿದ್ದರು. ಅವರು ಶಲವಡಿಯಲ್ಲಿರುವ ನನ್ನ ಕಾಕಾ, ಅಪ್ಪನ ತಮ್ಮ. ‘ಅವರು ಭಾಳ ಸೀರಿಯಸ್ ಮನಷ್ಯಾರು’ ಎಂದು ಬೀಗರು ಬಿಜ್ಜರೆಲ್ಲ ಹೇಳುತ್ತಿದ್ದರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಕಡಿಮೆ. ಮದುವೆಯ ಫೋಟೋಗಳಲ್ಲಿ ರೇಷನ್ ಅಂಗಡಿಯ ಸರದಿಯಲ್ಲಿ ನಿಂತವರ ಹಾಗೆ ನಿಂತಿರುತ್ತಾರೆ. ಅಪ್ಪ ತೀರಿಕೊಂಡ ಮೇಲೆ ನನ್ನ ಪಾಲಿನ ಹೊಲವನ್ನೂ ಅವರೇ ಲಾವಣಿ ಹಾಕಿಕೊಂಡು, ಎಂದರೆ ಗೇಣಿಗೆ, ಮಾಡುತ್ತಿದ್ದಾರೆ. ಸುಗ್ಗಿ ಮುಗಿದ ಕೂಡಲೇ ಫೋನ್ ಮಾಡಿ, ‘ಕಡ್ಲಿ ಬಂದೈತಿ, ಬಂದು ನೋಡಿ ಹೋಗು’ ಎನ್ನುತ್ತಾರೆ. ಅದರಾಚೆ ಮಾತಿಲ್ಲ.

ಒಂದು ದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಫೋನ್ ತೆಗೆದು ನೋಡಿದರೆ ಕಾಕಾನ ಮನೆಯಿಂದ ನಾಲ್ಕು ಸಲ ಕರೆ ಬಂದಿತ್ತು. ತಿರುಗಿ ಮಾಡಿದೆ. ಕಾಕಾನ ಹೆಂಡತಿ, ನಮ್ಮ ಕಾಕು, ಎತ್ತಿದಳು.

“ಏನಾತು ಕಾಕು?”

“ನಿಮ್ಮ ಕಾಕಾ ಭಾಳ ಸೀರಿಯಸ್ ಅದಾರಪಾ. ಮುಂಜಾನಿಂದ ಯಾರ ಮಾತೂ ಕೇಳವಲ್ರು. ನೀ ಲಗೂನ ಬಾ. ಬರೂಮುಂದ ನಿಮ್ಮ ಅತ್ತೀನೂ ಕರಕೊಂಡ ಬಾ.”

“ಡಾಕ್ಟರಿಗೆ ತೋರ್ಸಿದಿರೇನು?”

“ಡಾಕ್ಟರ್ ಏನ ಮಾಡ್ತಾರ ಇದಕ್ಕ?” ಎಂದಳು. ಅಷ್ಟರಲ್ಲಿ ಲೈನ್ ಹೋಯಿತು. ಮತ್ತೆ ಮಾಡಿದೆ, ಹತ್ತಲಿಲ್ಲ.

ಹೆಡ್‌ಮಾಸ್ತರರ ಕೋಣೆಗೆ ಹೋಗಿ ಕಾಕಾ ಸೀರಿಯಸ್ ಅಂತೆ ಎಂದೆ. ಅವರು ಅರ್ಜಿ ಕೇಳಲಿಲ್ಲ. ಗಣಿತದ ಮಾಸ್ತರರು ಕೇಳದೆಯೇ ತಮ್ಮ ಕಾರಿನ ಚಾವಿ ಕೈಗಿಟ್ಟರು. ಬೇರೆ ಯಾವ ಪದ ಹೇಳಿದ್ದರೂ ಇಷ್ಟು ಬೇಗ ಹೊರಡಲು ಆಗುತ್ತಿರಲಿಲ್ಲ.

ಅತ್ತಿ ಎಂದರೆ ಅಪ್ಪನ ತಂಗಿ, ಕಾಕಾನಿಗೆ ಅಕ್ಕ. ಅಣ್ಣಿಗೇರಿಯಲ್ಲಿ ಮಗನ ಮನೆಯಲ್ಲಿ ಇರುತ್ತಾಳೆ. ಮಗ ಬಸ್ ಕಂಡಕ್ಟರ್. ನಾನು ಹೋದಾಗ ಅವಳು ಮೊರದಲ್ಲಿ ಒಣಮೆಣಸಿನಕಾಯಿ ಇಟ್ಟುಕೊಂಡು ತೊಟ್ಟು ಮುರಿಯುತ್ತಿದ್ದಳು. ವಿಷಯ ಹೇಳಿದೆ. ಅಳಲಿಲ್ಲ. ಒಳಗೆ ಹೋಗಿ ಕೈ ತೊಳೆದು, ಸೀರೆ ಬದಲಿಸಿ, ಒಂದು ವಿಭೂತಿ ಗಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡು ಬಂದು ಕಾರಿನಲ್ಲಿ ಕುಳಿತಳು.

ಊರು ದಾಟಿದ ಮೇಲೆ ಕೇಳಿದಳು: “ಸೀರಿಯಸ್ ಅಂದ್ರ ಎಷ್ಟ ಸೀರಿಯಸ್? ಮಾತಾಡ್ತಾನೇನು?”

“ಮಾತು ಕೇಳಿಸವಲ್ದಂತ,” ಎಂದೆ. ಕಾಕು ಹೇಳಿದ್ದು ಕೇಳವಲ್ರು ಎಂದು. ಅದು ನನ್ನ ಬಾಯಲ್ಲಿ ಕೇಳಿಸವಲ್ದು ಎಂದಾದದ್ದು ಆಗ ನನಗೆ ಹೊಳೆಯಲಿಲ್ಲ.

ರಸ್ತೆಯ ಎರಡೂ ಕಡೆ ಕಡಲೆ ಕಿತ್ತು ಗುಡ್ಡೆ ಹಾಕಿದ್ದರು. ಅತ್ತಿ ಹೊರಗೆ ಅವನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದಳು:

“ಅವಂಗ ಒಂದ ಮಾತ ಹೇಳೂದಿತ್ತು. ಹೇಳ್ತೀನಿ ಹೇಳ್ತೀನಿ ಅನ್ಕೋತ ಹನ್ನೆರಡ ವರ್ಷ ಹೋತು. ಇನ್ನ ಕೇಳಿಸೂದಿಲ್ಲಂದ್ರ ಏನ್ ಹೇಳೂದು.”

“ಏನ ಮಾತು ಅತ್ತಿ?”

“ಆವತ್ತ ಆಫೀಸಿನ್ಯಾಗ ನಾ ಚ್ಯಾಷ್ಟಿ ಮಾಡಿದ್ದಿಲ್ಲ.”

ಯಾವ ಆಫೀಸು, ಯಾವ ದಿನ, ಯಾವ ತಮಾಷೆ ಎಂದು ನಾನು ಕೇಳಬೇಕಾಗಿರಲಿಲ್ಲ. ಅಲ್ಲಿ ನಾನೂ ಇದ್ದೆ.

ಅಜ್ಜ ತೀರಿಕೊಂಡು ವರ್ಷ ತುಂಬಿದ ಮೇಲೆ ಹೊಲ ಅಪ್ಪ ಮತ್ತು ಕಾಕಾನ ಹೆಸರಿಗೆ ಆಗಬೇಕಿತ್ತು. ಇಪ್ಪತ್ನಾಲ್ಕು ಎಕರೆ. ಅದಕ್ಕೆ ಅತ್ತಿ ತನ್ನ ಹಕ್ಕು ಬಿಟ್ಟುಕೊಟ್ಟೆ ಎಂದು ಸಹಿ ಮಾಡಬೇಕು. ನಮ್ಮಲ್ಲಿ ಹೆಣ್ಣುಮಕ್ಕಳು ಹಾಗೆ ಸಹಿ ಮಾಡುತ್ತಾರೆ, ಅದನ್ನು ಯಾರೂ ದೊಡ್ಡ ವಿಷಯ ಎಂದುಕೊಳ್ಳುವುದಿಲ್ಲ. ನವಲಗುಂದದ ನೋಂದಣಿ ಕಚೇರಿಯ ಬಾಗಿಲಲ್ಲಿ ಪತ್ರ ಬರೆಯುವವರು ಕಾಗದ ಮುಂದಿಟ್ಟು ಪೆನ್ನು ಕೊಟ್ಟರು. ಅತ್ತಿ ಪೆನ್ನು ಹಿಡಿದುಕೊಂಡು, “ಎಲ್ಲಾ ಬರದೀರಿ, ಮತ್ತ ನನ್ನ ಪಾಲಿನ ಹೊಲಾ ಎಲ್ಲಿ ಬರತೈತ್ರಿ?” ಎಂದು ಕೇಳಿದ್ದಳು. ಅಪ್ಪ ನಕ್ಕರು. ಪತ್ರ ಬರೆಯುವವರು ನಕ್ಕರು. ನಾನೂ ನಕ್ಕೆ. ಕಾಕಾ ನಗಲಿಲ್ಲ, ನಗುವ ರೂಢಿ ಅವರಿಗಿರಲಿಲ್ಲ. “ಚ್ಯಾಷ್ಟಿ ಸಾಕವಾ, ಸಹಿ ಮಾಡು” ಎಂದರು. ಆಮೇಲೆ ಅತ್ತಿಯೂ ನಕ್ಕಳು. ಸಹಿ ಮಾಡಿದಳು. ಸಾಕ್ಷಿ ಎಂದು ನಾನು ಕೆಳಗೆ ಸಹಿ ಮಾಡಿದೆ. ಮನೆಗೆ ಬಂದು ಉಡಿ ತುಂಬಿ ಕಳಿಸಿದರು. ಅಪ್ಪ ಮುಂದೆ ಎಷ್ಟೋ ಸಲ ಆ ಮಾತನ್ನು ತಂಗಿಯ ಒಳ್ಳೆಯ ತಮಾಷೆ ಎಂದು ಬಂದವರಿಗೆ ಹೇಳಿ ನಗಿಸುತ್ತಿದ್ದರು.

“ಖರೇನ ಕೇಳಿದ್ದೇನು?” ಎಂದೆ.

“ಖರೇನ ಕೇಳಿದ್ದೆ. ನೀವೆಲ್ಲಾ ನಕ್ರಿ. ನಾನೂ ನಕ್ಕೆ. ಮತ್ತೇನ ಮಾಡಬೇಕಿತ್ತು?”

ನಾನು ಮುಂದೆ ನೋಡುತ್ತ ಕಾರು ಓಡಿಸಿದೆ.

ಶಲವಡಿಯಲ್ಲಿ ನಮ್ಮ ಓಣಿಯ ಬಾಯಿಗೆ ಕಾರು ನಿಲ್ಲಿಸಿ ಇಳಿದೆವು. ಕಾಕಾನ ಮನೆಯ ಕಟ್ಟೆಯ ಮೇಲೆ ನಾಲ್ಕೈದು ಮುದುಕರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮಾತಿಲ್ಲದೆ ಕುಳಿತಿದ್ದರು. ನಮ್ಮನ್ನು ನೋಡಿ ಒಬ್ಬರು ತಲೆಯಾಡಿಸಿ ದಾರಿ ಬಿಟ್ಟರು. ಒಳಗೆ ಪಡಸಾಲೆಯಲ್ಲಿ ಕಾಕಾ ಗೋಡೆಗೆ ಆನಿಕೊಂಡು ಕುಳಿತಿದ್ದರು. ಕೊರಳವರೆಗೆ ಬಿಳಿ ಬಟ್ಟೆ. ಕಣ್ಣು ಮುಚ್ಚಿದ್ದವು. ಹಣೆಯ ಮೇಲೆ ಮೂರು ಬೆರಳ ವಿಭೂತಿ. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಹೀಗೇ ಗೋಡೆಗೆ ಆನಿಸಿ ಕೂರಿಸುತ್ತಾರೆ.

ಅತ್ತಿ ಹೊಸ್ತಿಲಲ್ಲಿ ನಿಂತು, “ಅಯ್ಯ ನನ್ನ ತಮ್ಮಾ! ನನಗೊಂದ ಮಾತ ಹೇಳಾಕೂ ಬಿಡಲಿಲ್ಲಲ್ಲೋ!” ಎಂದು ದನಿ ತೆಗೆದಳು.

ಕಾಕಾ ಕಣ್ಣು ಬಿಟ್ಟರು. ಅವರ ಪಕ್ಕದಲ್ಲಿ ನಮಗೆ ಬೆನ್ನು ಮಾಡಿ ಕುಳಿತಿದ್ದವರು ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡರು. ಅವರ ಕೈಯಲ್ಲಿ ಕತ್ತಿ ಇತ್ತು. ಅವರು ಊರಿನ ಕಟಿಂಗ್ ಅಂಗಡಿಯವರು. ಕಾಕಾನಿಗೆ ಮೊಣಕಾಲು ನೋವು ಶುರುವಾದಂದಿನಿಂದ ತಿಂಗಳಿಗೊಮ್ಮೆ ಮನೆಗೇ ಬರುತ್ತಾರೆ. ಅವರು ಬಂದ ದಿನ ಓಣಿಯ ನಾಲ್ಕೈದು ಮುದುಕರೂ ಅಲ್ಲೇ ಬಂದು ಗಡ್ಡ ಮಾಡಿಸಿಕೊಳ್ಳುತ್ತಾರೆ. ಕಟ್ಟೆಯ ಮೇಲಿನವರು ಸರದಿಗೆ ಕುಳಿತವರು.

“ಯಾಕವಾ ಯಕ್ಕಾ? ಯಾರ ಹೋದ್ರು?” ಎಂದರು ಕಾಕಾ.

ಅತ್ತಿ ಬಾಯಿಗೆ ಸೆರಗು ಹಿಡಿದು ಹಾಗೇ ಕೆಳಗೆ ಕುಳಿತುಬಿಟ್ಟಳು. ಕಾಕಾನ ಕೆನ್ನೆಯಲ್ಲಿ ಸಣ್ಣ ಗಾಯವಾಗಿ ರಕ್ತ ಬಂದಿತ್ತು. ಅಡುಗೆ ಮನೆಯಿಂದ ಓಡಿ ಬಂದ ಕಾಕುವಿಗೆ ‘ಸೀರಿಯಸ್ ಅಂತ ಫೋನಿನಲ್ಲಿ ನೀನೇ ಹೇಳಿದೆಯಲ್ಲ’ ಎಂದೆ. ಅವಳು ಹಣೆ ಬಡಿದುಕೊಂಡಳು.

“ಹಂಗಲ್ಲೋ ಮಾರಾಯಾ! ಮುಂಜಾನಿ ಇವರು ಒಂದ ಮಾತ ತೆಗದ್ರು. ನಾ ಚ್ಯಾಷ್ಟಿ ಮಾಡ್ತಾರ ಅನ್ಕೊಂಡಿದ್ದೆ. ನಿಮ್ಮ ತಮ್ಮನ ಹೇಳಿದಾ, ಅವ್ವಾ, ಅಪ್ಪ ಚ್ಯಾಷ್ಟಿ ಮಾಡಾಕತ್ತಿಲ್ಲ, ಸೀರಿಯಸ್ ಅದಾನ ಅಂತ. ಅದನ್ನ ನಿನಗ ಹೇಳಿದೆ.”

ನಿಮ್ಮ ತಮ್ಮ ಎಂದರೆ ಕಾಕಾನ ಮಗ. ಅಣ್ಣಿಗೇರಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಆವತ್ತು ಅಂಗಡಿ ಮುಚ್ಚಿಕೊಂಡು ಮನೆಯಲ್ಲೇ ಇದ್ದ. ಮೂಲೆಯ ಕಂಬದ ಹತ್ತಿರ ಕುಳಿತು ಫೋನ್ ನೋಡುತ್ತಿದ್ದ. ನಮ್ಮನ್ನು ಮಾತಾಡಿಸಲಿಲ್ಲ.

ಕಾಕಾ ಉಳಿದ ಅರ್ಧ ಗಡ್ಡ ಮಾಡಿಸಿಕೊಂಡು, ಸ್ನಾನ ಮಾಡಿ, ಹೊಸದಾಗಿ ವಿಭೂತಿ ಹಚ್ಚಿಕೊಂಡು ಬಂದರು. ಕಾಕು ಚಹಾ ಕೊಟ್ಟಳು. ಮುದುಕರು ಹೋದ ಮೇಲೆ ಕಾಕಾ ಅತ್ತಿಯ ಎದುರು ಕುಳಿತರು.

“ಮೂರ ಪಾಲ ಮಾಡಿದ್ರ ಎಂಟೆಂಟು ಬರಬೇಕಿತ್ತು. ನನ್ನ ಕಡೆ ಹನ್ನೆರಡ ಅದಾವು. ನಾಲ್ಕ ನಿನ್ನೂವು. ಅವನ್ನ ನಿನ್ನ ಹೆಸರಿಗೆ ಮಾಡ್ತೀನಿ,” ಎಂದರು.

ಆಮೇಲೆ, ಅವರ ಮಟ್ಟಿಗೆ ಬಹಳ ಉದ್ದ ಎನ್ನಬೇಕಾದಷ್ಟು ಮಾತಾಡಿದರು. ಹದಿನೈದು ದಿನದ ಹಿಂದೆ ಅವರ ಮಗಳು ಕುಂದಗೋಳದಿಂದ ಬಂದಿದ್ದಳಂತೆ. ಮಗ ಮುಂದೆಂದೂ ತಂಟೆ ಬೇಡವೆಂದು ಅವಳಿಂದಲೂ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸಲು ಕಾಗದ ತಂದಿಟ್ಟಿದ್ದ. ಅವಳು ಪೆನ್ನು ಹಿಡಿದುಕೊಂಡು, “ಯಣ್ಣಾ, ನನ್ನ ಪಾಲಿಂದು ಎಲ್ಲಿ ಬರತೈತಿ?” ಎಂದಳು. ಎಲ್ಲರೂ ನಕ್ಕರು.

“ಅಕೀನೂ ನಕ್ಕಳು. ನಾ ಅಕೀ ಮಾರಿ ನೋಡ್ಕೋತ ಕುಂತಿದ್ದೆ. ನೀನೂ ಆವತ್ತ ಹಿಂಗ ನಕ್ಕಿದ್ದಿ ಯಕ್ಕಾ. ನನಗ ಆವತ್ತ ತಿಳೀಲಿಲ್ಲ.”

ಮಗಳ ಕೈಯಿಂದ ಕಾಗದ ತೆಗೆದುಕೊಂಡು ಅವರು ಟ್ರಂಕಿನಲ್ಲಿ ಹಾಕಿ ಬೀಗ ಹಾಕಿದ್ದರು. ಹದಿನೈದು ದಿನ ಏನೂ ಹೇಳಿರಲಿಲ್ಲ. ಆವತ್ತು ಮುಂಜಾನೆ ಹೇಳಿದ್ದರು.

ಕಾಕು ನನ್ನ ಕಡೆ ನೋಡಿದಳು. “ನೀ ಕಲತಾಂವ ಅದಿ. ನೀನರ ತಿಳಿಸಿ ಹೇಳು.”

ಆಗ ನಾನು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. “ಕಾಕಾ, ಇದು ಸಣ್ಣ ಮಾತಲ್ರಿ. ಎರಡ ದಿನಾ ವಿಚಾರ ಮಾಡೂಣು” ಎಂದೆ. ಮೂರು ಪಾಲು ಮಾಡಿದ್ದರೆ ಎಂಟೆಂಟು ಎಂದು ಅವರು ಲೆಕ್ಕ ಹೇಳಿದ ಕ್ಷಣವೇ ಉಳಿದ ನಾಲ್ಕು ಎಕರೆ ಎಲ್ಲಿದೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಾಗಿತ್ತು. ಅದು ಅಪ್ಪನಿಂದ ನನಗೆ ಬಂದಿತ್ತು. ಕಾಕಾ ಅದರ ಹೆಸರೆತ್ತಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

“ಹನ್ನೆರಡ ವರ್ಷ ಆತಲ್ಲ, ಇನ್ನೇನ್ ಎರಡ ದಿನಾ,” ಎಂದರು, ಅತ್ತಿಯ ಕಡೆಗೇ ನೋಡುತ್ತ.

ಕಾಕು ಅತ್ತಿಯ ಹತ್ತಿರ ಸರಿದು ಕುಳಿತಳು. “ಈ ವಯಸ್ಸಿನ್ಯಾಗ ಅಕ್ಕಾರು ಹೊಲಾ ತಗೊಂಡು ಏನ ಮಾಡ್ತಾರ್ರಿ? ಹೌದಿಲ್ರಿ ಅಕ್ಕಾರ?” ಅವಳ ದನಿಯಲ್ಲಿ ಕಹಿ ಇರಲಿಲ್ಲ. ನನಗ್ಯಾಕಪಾ ಹೊಲಾ, ಎಲ್ಲಾ ನಿಮ್ಮದ ಎಂದು ಅತ್ತಿ ಹೇಳುತ್ತಾಳೆ, ಅಲ್ಲಿಗೆ ಮುಗಿಯುತ್ತದೆ ಎಂದು ಅವಳು ನಂಬಿದ್ದಳು. ನಾನೂ ಹಾಗೇ ಎಣಿಸಿದ್ದೆ. ಅದಕ್ಕೇ ತಾನೆ ಅತ್ತಿಯನ್ನೂ ಕರೆತರಲು ಹೇಳಿದ್ದು.

“ಬಿತ್ತತೀನಿ,” ಎಂದಳು ಅತ್ತಿ.

ಕಾಕು ಮತ್ತೆ ದೂರ ಸರಿದು ಕುಳಿತಳು.

ಅತ್ತಿ ಕಣ್ಣು ಒರೆಸಿಕೊಂಡು ತಮ್ಮನನ್ನು ಕೇಳಿದಳು: “ಯಾವ ಹೊಲಾ ಕೊಡ್ತಿ?”

“ಹಳ್ಳದ ಕಡೀದು.”

“ಅದು ಬ್ಯಾಡ. ಹಳ್ಳ ಬಂದ್ರ ಅರ್ಧಾ ಹೊಲಾ ಹರಕೊಂಡ ಹೋಕ್ಕೈತಿ. ದಾರಿ ಬಾಜೂದು ಕೊಡು.”

“ದಾರಿ ಬಾಜೂದು ಮೂರೂವರಿ ಎಕರೆನ ಐತಿ.”

“ಇರ್ಲಿ. ಅರ್ಧಾ ನಿನಗ ಬಿಟ್ಟೆ,” ಎಂದಳು.

ಕಾಕಾನ ಮಗ ಎದ್ದು ಹೊರಗೆ ಹೋದ. ಮೋಟರ್‌ಸೈಕಲ್ ಶುರುವಾದ ಸದ್ದು ಕೇಳಿಸಿತು. ಕಾಕು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಅವಳಿಗೆ ಸಿಟ್ಟು ಬಂದಿತ್ತು, ರೊಟ್ಟಿಯ ಸಪ್ಪಳದಿಂದ ಗೊತ್ತಾಗುತ್ತಿತ್ತು. ಆದರೂ ನಮಗೆ ಊಟಕ್ಕೆ ಬಡಿಸುವಾಗ ಅತ್ತಿಯ ತಾಟಿಗೆ ಕೇಳದೆಯೇ ಎರಡು ಸಲ ಬೆಣ್ಣೆ ಹಾಕಿದಳು.

ತಿರುಗಿ ಬರುವಾಗ ಅತ್ತಿ ನನ್ನ ನಾಲ್ಕು ಎಕರೆಯ ಮಾತು ತೆಗೆಯುತ್ತಾಳೆ ಎಂದು ದಾರಿಯುದ್ದಕ್ಕೂ ಕಾದೆ. ತೆಗೆಯಲಿಲ್ಲ. ಅಣ್ಣಿಗೇರಿ ಬಂದಾಗ, “ಕಾರ ಚಲೋ ಓಡಸ್ತಿ ಮಾಸ್ತರ” ಎಂದು ಇಳಿದು ಹೋದಳು.

ಮುಂದಿನ ತಿಂಗಳು ನೋಂದಣಿಗೆ ಹೋದೆವು. ಅದೇ ಕಚೇರಿ. ಪತ್ರ ಬರೆಯುವವರು ಬೇರೆಯವರು, ಕಂಪ್ಯೂಟರ್ ಇಟ್ಟುಕೊಂಡ ಚಿಕ್ಕ ವಯಸ್ಸಿನವರು. ಒಮ್ಮೆ ಬಿಟ್ಟುಕೊಟ್ಟ ಹಕ್ಕನ್ನು ಪಾಲು ಎಂದು ಬರೆಯಲು ಬರುವುದಿಲ್ಲ, ಬಕ್ಷೀಸ್ ಪತ್ರ, ಎಂದರೆ ದಾನಪತ್ರ, ಮಾಡುವುದೇ ಸರಳ ಎಂದರು. ಆ ಪದ ಅತ್ತಿಗೆ ಒಗ್ಗಲಿಲ್ಲ.

“ಬಕ್ಷೀಸ್ ಯಾಕ್ರಿ? ಬಕ್ಷೀಸ್ ಹೋಟೆಲಿನ್ಯಾಗ ಕೊಡ್ತಾರ,” ಎಂದಳು.

“ಅಮ್ಮಾರ, ಕಾನೂನಿನ್ಯಾಗ ಹಂಗ ಅಂತಾರ್ರಿ. ನಾ ಏನ್ ಮಾಡ್ಲಿ?”

ಅವಳು ಕಾಗದವನ್ನು ಹತ್ತಿರ ಎಳೆದುಕೊಂಡಳು. ನಂತರ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಕಾಕಾನ ಮಗ ಬರುವುದಿಲ್ಲ ಎಂದೇ ನಾವು ತಿಳಿದಿದ್ದೆವು. ಊಟದ ಹೊತ್ತಿಗೆ ಬಂದ. ಒಪ್ಪಿಗೆ ಇದೆ ಎಂದು ಬರೆದಿದ್ದಲ್ಲಿ ಸಹಿ ಮಾಡಿ, ಯಾರೊಂದಿಗೂ ಮಾತಾಡದೆ ಹೋದ. ಕುಂದಗೋಳದ ತಂಗಿ ಏನಾದರೂ ಹೇಳಿದಳೋ, ತಾನೇ ಯೋಚಿಸಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಾಕಾನ ಜೊತೆ ಅವನು ಯುಗಾದಿಯವರೆಗೆ ಮಾತು ಬಿಟ್ಟಿದ್ದ. ಆಮೇಲೆ ಗೊಬ್ಬರದ ವಿಷಯಕ್ಕೆ ಮಾತಾಡಲೇಬೇಕಾಯಿತು, ಶುರುವಾಯಿತು.

ನನ್ನ ವಿಷಯಕ್ಕೆ ಎಂಟು ತಿಂಗಳು ಹಿಡಿಯಿತು. ಈ ಎಂಟು ತಿಂಗಳಿಗೆ ನನ್ನ ಬಳಿ ಒಳ್ಳೆಯ ಕಾರಣವಿಲ್ಲ. ಮಕ್ಕಳಿದ್ದಾರೆ, ಹೊಲ ನಾನು ಗಳಿಸಿದ್ದಲ್ಲ, ಆದರೆ ಅಪ್ಪನ ನೆನಪು ಅದೊಂದೇ ಎಂದೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಒಂದು ಭಾನುವಾರ ಮುಂಜಾನೆ ಹೆಂಡತಿಗೆ ಹೇಳಿದೆ, ಅತ್ತಿಗೆ ನಾನೂ ನಾಲ್ಕು ಎಕರೆ ಕೊಡಬೇಕು ಅಂತಿದ್ದೇನೆ ಎಂದು. ಅವಳು ಪಲ್ಯಕ್ಕೆ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಿದಳು.

“ಸೀರಿಯಸ್ಸಾಗಿ ಹೇಳಾಕತ್ತೀರೇನು?”

“ಹೌದು.”

“ಹಂಗಾದ್ರ ನನ್ನ ಮುಂದ ಯಾಕ ಹೇಳ್ತೀರಿ? ಹೋಗಿ ಅವರ ಮುಂದ ಹೇಳ್ರಿ.”

ಹೋದೆ. ಅತ್ತಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ನೀನು ದೊಡ್ಡವನು, ದೇವರು ನಿನ್ನನ್ನು ಚೆನ್ನಾಗಿಡಲಿ ಎನ್ನುತ್ತಾಳೆಂದು ಮನಸ್ಸಿನ ಮೂಲೆಯಲ್ಲಿ ಆಸೆಯಿತ್ತು. ಅವಳು, “ನಿಮ್ಮಪ್ಪನ ಎಲ್ಲಾರಕಿಂತ ಜೋರ ನಕ್ಕಿದ್ದ ಆವತ್ತ,” ಎಂದಳು. ಆಮೇಲೆ, “ಯಾವಾಗ ಹೋಗೂಣು ಆಫೀಸಿಗೆ?” ಎಂದಳು.

ಈಗ ಅವಳು ಮೂರೂವರೆ ಎಕರೆಯಲ್ಲಿ ಹಿಂಗಾರಿಗೆ ಕಡಲೆ, ನನ್ನದಾಗಿದ್ದ ನಾಲ್ಕರಲ್ಲಿ ಮೆಣಸಿನಗಿಡ ಹಾಕಿಸಿದ್ದಾಳೆ. ಊರಿನವರೊಬ್ಬರು ಬೆಳೆಯ ಪಾಲಿಗೆ ಉಳುತ್ತಾರೆ. ಅವರಿಗೆ ಅವಳ ಕಾಟ ಜಾಸ್ತಿ. ವಾರಕ್ಕೊಮ್ಮೆ ಮಗನ ಬಸ್ಸು ಹತ್ತಿ ಬಂದು ಬದುವಿನ ಮೇಲೆ ನಿಲ್ಲುತ್ತಾಳೆ, ಕಸ ಸರಿಯಾಗಿ ತೆಗೆದಿಲ್ಲ ಎನ್ನುತ್ತಾಳೆ, ಔಷಧಿ ಯಾಕಿಷ್ಟು ಹೊಡೆದಿರಿ ಎನ್ನುತ್ತಾಳೆ. ಮೊದಲ ವರ್ಷದ ಕಡಲೆಯನ್ನು ಕಾಕುವಿಗೆ ಒಂದು ಚೀಲ ಕಳಿಸಿದಳು. ಕಾಕು ಎರಡು ದಿನ ಅದನ್ನು ಬಾಗಿಲಲ್ಲೇ ಇಟ್ಟಿದ್ದು, ಮೂರನೆಯ ದಿನ ಒಳಗೆ ತೆಗೆದುಕೊಂಡಳಂತೆ.

ಹೋದ ವಾರ ಕಾಕಾ ಫೋನ್ ಮಾಡಿದ್ದರು. “ಟೇಪ್ ತಗೊಂಡ ಬಾ” ಎಂದರು, ಅಷ್ಟೇ. ಹತ್ತೇ ನಿಮಿಷಕ್ಕೆ ಅತ್ತಿಯ ಫೋನ್ ಬಂತು. ಕಾಕಾನ ಟ್ರ್ಯಾಕ್ಟರ್ ಗಳೆ ಹೊಡೆದು ಉಳುವಾಗ ನಡುವಿನ ಬದು ತಿಂದಿದೆ, ಒಂದು ಮೊಳ ತನ್ನ ಹೊಲ ಅವರ ಹೊಲದೊಳಗೆ ಹೋಗಿದೆ ಎಂದು ಅವಳ ದೂರು. ಹೋದೆ. ಉರಿಬಿಸಿಲಿನಲ್ಲಿ ಅವರಿಬ್ಬರೂ ಬದುವಿನ ಎರಡು ತುದಿಗೆ ನಿಂತಿದ್ದರು. ಕಾಕಾನ ಕೈಯಲ್ಲಿ ಕೊಡೆ, ಅತ್ತಿಯ ತಲೆಯ ಮೇಲೆ ಸೆರಗು. ಕಲ್ಲಿನಿಂದ ಕಲ್ಲಿಗೆ ಟೇಪ್ ಹಿಡಿದು ಎರಡು ಸಲ ಅಳೆದೆ. ಹೊಲ ಕಡಿಮೆಯಾಗಿದ್ದು ಕಾಕಾನದು. ಅತ್ತಿಯ ಹೊಲ ಉಳುವವರು ಬಿತ್ತುವಾಗ ಒಂದು ಗೇಣು ಆಚೆ ಸರಿದಿದ್ದರು.

ಅತ್ತಿ ಟೇಪಿನ ಮೇಲೆ ಬಗ್ಗಿ ತಾನೇ ಅಂಕಿ ನೋಡಿದಳು.

“ಬಿತ್ತಿದ್ದು ಬಿತ್ತಿ ಆತು, ಈ ವರ್ಷ ಬೆಳಕೊಳ್ಳಲಿ,” ಎಂದಳು. “ಮುಂದಿನ ವರ್ಷ ಬಿಡ್ತೀನಿ.”

ಕಾಕಾ ಕೊಡೆಯನ್ನು ಅವಳ ಕೈಗೆ ಕೊಟ್ಟು, ಮೊಣಕಾಲು ಹಿಡಿದುಕೊಂಡು ಕಲ್ಲಿನ ಮೇಲೆ ಕುಳಿತರು.